ಕುಲ್ಸುಮ್ ಬಾಯಿಯ ಕೆಂಪು ಪೆನ್ಸಿಲ್

ಅವತ್ತು ಜನರೇಟರ್ ನಿಂತಿರಲಿಲ್ಲ. ಮೊದಲು ಇದೊಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಉಳಿದದ್ದು.

೧೯೮೭ರ ಜೂನ್ ತಿಂಗಳು. ರಾಯಚೂರಿನ ಸ್ಟೇಷನ್ ರಸ್ತೆಯ ಒಂದು ಮಾಳಿಗೆಯ ಮೇಲಿನ ತಣ್ಣನೆಯ ಕೋಣೆಯಲ್ಲಿ ಗಡಿಗೆಪ್ಪ ಸಾಹುಕಾರ ಐದು ಜನ ದೊಡ್ಡವರ ಮುಂದೆ ಕೂತು, "ನಮ್ಮ ಜನರೇಟರ್ ನೋಡಾವ ನಿದ್ದಿ ಹೊಡದಾನ್ರಿ, ಮಷೀನ್ ನಿಂತು ಹೆಸರು ಹಾರಿಹೋಗ್ಯಾವ" ಎಂದನಂತೆ. ಆ ಜನರೇಟರ್ ನೋಡುವವನು ನಾನು, ಕನಕರಾಯ. ನಾಲ್ಕನೆಯ ಇಯತ್ತೆ ಓದಿದವನು, ಮಾನವಿಯ ಅಕ್ಕಿ ಗಿರಣಿಗಳಲ್ಲಿ ಹನ್ನೊಂದು ವರ್ಷ ಇಂಜಿನ್ ತಿರುಗಿಸಿದವನು. ನನಗೆ ಸಿಟ್ಟಿನವ ಅನ್ನಿ, ಬಾಯಿ ಒರಟು ಅನ್ನಿ, ಗಂಗಾಳದ ಮುಂದೆ ಕೂತೂ ಜಗಳ ತೆಗೆಯುತ್ತಾನೆ ಅನ್ನಿ. ಎಲ್ಲ ಖರೆ. ಆದರೆ ಓಡುವ ಇಂಜಿನ್ನಿನ ಮುಂದೆ ಕಣ್ಣು ಮುಚ್ಚಿದ ಅನ್ನಬಾರದು. ಸಾಹುಕಾರ ಈಗಲೂ ಬಜಾರದಲ್ಲಿ ಎದುರಾದರೆ "ಶರಣ್ರಿ ಕನಕರಾಯ" ಅನ್ನುತ್ತಾನೆ. ನಾನು ಬಾಳೆಹಣ್ಣಿನ ಬಂಡಿ ನೋಡುತ್ತ ನಿಲ್ಲುತ್ತೇನೆ.

"ಎಷ್ಟು ವರ್ಷ ಹೊತ್ಕೊಂಡು ತಿರಗ್ತಿ ಅದನ್ನ? ಹೆಗಲು ನೋಯಂಗಿಲ್ಲೇನು?" ಎಂದು ನನ್ನ ಹೆಂಡತಿ ಸೂಗಮ್ಮ ಕೇಳುತ್ತಾಳೆ. ನೋಯುತ್ತದೆ. ಆದರೆ ನೋಯುವುದು ಸಾಹುಕಾರನ ಮಾತಲ್ಲ, ಅವತ್ತು ನಾನು ಆಡಿದ ಮಾತು. ಅದನ್ನು ಹೇಳಬೇಕೆಂದರೆ ಉಮ್ಮೇ ಕುಲ್ಸುಮ್ ಬಾಯಿಯ ಕತೆಯನ್ನೇ ಹೇಳಬೇಕು.

ಕುಲ್ಸುಮ್ ಬಾಯಿ ದೇವದುರ್ಗದವರು. ಅವರ ಅಪ್ಪ ಸತ್ತಾರ್ ಸಾಬ್ ತಹಸೀಲ್ ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ಚಾಪೆ ಹಾಸಿ ಅರ್ಜಿ ಬರೆಯುತ್ತಿದ್ದರು. ನಿಜಾಮನ ಕಾಲದಲ್ಲಿ ಉರ್ದು ಕಲಿತ ಕೈ. ಕಾಗದಪತ್ರವೆಲ್ಲ ಕನ್ನಡಕ್ಕೆ ತಿರುಗಿದ ಮೇಲೆ ಚಾಪೆಯ ಮುಂದೆ ಜನ ಕಡಿಮೆಯಾದರು. ಆಗ ಮಗಳು ಕನ್ನಡ ಶಾಲೆ ಮುಗಿಸಿ, ರಾಯಚೂರಿಗೆ ಬಂದು ಟೈಪಿಂಗ್ ಕಲಿತು, ಎಪ್ಪತ್ತೆರಡರ ಸುಮಾರಿಗೆ ಒಂದು ಹಳೆಯ ಮಷೀನ್ ಹೊತ್ತುಕೊಂಡು ಹೋಗಿ ಅದೇ ಚಾಪೆಯ ಮೇಲೆ ಅಪ್ಪನ ಪಕ್ಕ ಕೂತರು. ದೇವದುರ್ಗದಲ್ಲಿ ಗಿಡದ ಕೆಳಗೆ ಹೆಣ್ಣುಮಗಳು ಟೈಪ್ ಬಡಿಯುವುದನ್ನು ನೋಡಲಿಕ್ಕೇ ಜನ ಸೇರುತ್ತಿದ್ದರಂತೆ. ಸತ್ತಾರ್ ಸಾಬ್ ಬಾಯಲ್ಲಿ ಹೇಳುವುದು, ಮಗಳು ಬಡಿಯುವುದು. ಅಪ್ಪ ಕಲಿಸಿದ್ದು ಒಂದೇ ಪಾಠ: "ಬೇಟಾ, ಮೊದಲು ಹೆಸರು, ಆಮೇಲೆ ತಂದೆ, ಆಮೇಲೆ ಊರು. ತಂದೆ ಬಿಟ್ಟಿ ಅಂದ್ರ ಒಬ್ಬನ ಹೊಲ ಇನ್ನೊಬ್ಬನ ಪಾಲು."

ನಮ್ಮ ಕಡೆ ಕಾಗದದಲ್ಲಿ ಹೆಸರು ಬರೆಯುವ ರೀತಿ ಹಾಗೆ. ಅಯ್ಯಪ್ಪ ತಂದೆ ಹಂಪಯ್ಯ. ಹೆಂಗಸಾದರೆ, ವೆಂಕಮ್ಮ ಗಂಡ ಅಯ್ಯಪ್ಪ. ಯಾಕೆಂದರೆ ಮಗನಿಗೆ ಮುತ್ಯಾನ ಹೆಸರು, ಮಗಳಿಗೆ ಅಮ್ಮನ ಅವ್ವನ ಹೆಸರು. ಮೂವರು ಅಣ್ಣತಮ್ಮಂದಿರಿದ್ದರೆ ಮೂವರೂ ಚೊಚ್ಚಲ ಮಗನಿಗೆ ಸತ್ತ ಅಪ್ಪನ ಹೆಸರೇ ಇಡುತ್ತಾರೆ. ಅಂಗಳದಲ್ಲಿ ನಿಂತು "ಹಂಪಯ್ಯಾ" ಎಂದು ಕೂಗಿದರೆ ಮೂರು ತಲೆ ಹೊರಗೆ ಬರುತ್ತವೆ. ಮನೆಯಲ್ಲಿ ದೊಡ್ಡಾವ, ನಡುವಿನಾವ, ಸಣ್ಣಾವ ಎಂದು ಕರೆದು ಹೇಗೋ ನಡೆಯುತ್ತದೆ. ಕಾಗದದಲ್ಲಿ ಅವರನ್ನು ಬೇರೆ ಮಾಡುವುದು ತಂದೆಯ ಹೆಸರು ಒಂದೇ.

ಸತ್ತಾರ್ ಸಾಬ್ ತೀರಿಕೊಂಡ ಮೇಲೆ ಬಾಯಿ ತಾಯಿ ಮಹಬೂಬೀಯನ್ನು ದೇವದುರ್ಗದ ಮನೆಯಲ್ಲೇ ಬಿಟ್ಟು ರಾಯಚೂರಿಗೆ ಬಂದರು. ಎಂಬತ್ತಾರರಲ್ಲಿ ಸಿರವಾರದ ಗಡಿಗೆಪ್ಪ ಸಾಹುಕಾರ, ಅಪ್ಪನ ಅಕ್ಕಿ ಗಿರಣಿ ಬೇಸರವಾಗಿ, ದೋಆಬ್ ಸಾಫ್ಟ್‌ವೇರ್ ಕಂಪನಿ ತೆಗೆದ. ಎರಡು ಹೊಳೆಗಳ ನಡುವಿನ ನಮ್ಮ ಸೀಮೆಗೆ ದೋಆಬ್ ಎಂಬ ಹಳೆಯ ಹೆಸರುಂಟು. ಬೋರ್ಡು ಓದಿದ ಹಳ್ಳಿಯ ಜನ ದೋಆಬ್ ಬಿಟ್ಟು 'ದವಾ', ಅಂದರೆ ಔಷಧ, ಮಾಡಿಕೊಂಡರು. ಬಾಗಿಲಲ್ಲಿ ಚಪ್ಪಲಿ ಬಿಡಿಸುವುದು, ಒಳಗೆ ತಣ್ಣಗಿರುವುದು, ಎಲ್ಲರೂ ಮೆಲ್ಲಗೆ ಮಾತಾಡುವುದು ಕಂಡು ಒಬ್ಬ ಮುದುಕ ಕೈಯ ಹುಣ್ಣು ತೋರಿಸಲು ಮೆಟ್ಟಿಲು ಹತ್ತಿ ಬಂದಿದ್ದ. "ಡಾಕ್ಟರ್ ಇಲ್ಲ ಯಪ್ಪಾ, ಇಲ್ಲಿ ಮಷೀನಿಗೇ ಜಡ್ಡು" ಎಂದು ತಾಯಣ್ಣ ಅವನನ್ನು ಕೆಳಗಿಳಿಸಿದ.

ತಾಯಣ್ಣ ನಮ್ಮ ಕಂಪನಿಯ ಪ್ರೋಗ್ರಾಮ್ ಬರೆಯುವವನು. ಚೀಕಲಪರ್ವಿಯ ಕೂಲಿ ಮಾಡುವವರ ಮನೆಯಿಂದ ಕಾಲೇಜು ಕಂಡ ಮೊದಲನೆಯವನು, ಹೈದರಾಬಾದಿನಲ್ಲಿ ಕಂಪ್ಯೂಟರ್ ಕಲಿತು ಬಂದಿದ್ದ. ಟೈಪ್ ಮಾಡಲು ಕುಲ್ಸುಮ್ ಬಾಯಿ. ಕರೆಂಟು ಹೋದಾಗ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಜನರೇಟರ್ ಎಬ್ಬಿಸಲು ನಾನು. ಇಷ್ಟೇ ಕಂಪನಿ. ಉಳಿದದ್ದೆಲ್ಲ ಸಾಹುಕಾರನ ಬಾಯಿ.

ಆ ಬಾಯಿಯ ಬಗ್ಗೆ ಏನು ಹೇಳಲಿ! ಕೆಟ್ಟವನಲ್ಲ. ಕಡೆಗೆ ಭೇಟಿಯಾದವರು ಹೇಳಿದ್ದೇ ಅವನ ತಲೆಯಲ್ಲಿ ಉಳಿಯುತ್ತಿತ್ತು, ಅಷ್ಟೇ. ಬೆಳಿಗ್ಗೆ ಅಕ್ಕಿ ಗಿರಣಿಯ ಪ್ರೋಗ್ರಾಮ್ ಮಾಡು ಅನ್ನುವನು. ಮಧ್ಯಾಹ್ನ ಟಾಕೀಜಿನ ಮಾಲೀಕ ಸಿಕ್ಕಿದ್ದ, ಅದನ್ನು ಬಿಡು, ಟಿಕೀಟಿನದು ಮಾಡು ಅನ್ನುವನು. ಸಂಜೆಗೆ ಯಾವುದೋ ಶಾಲೆ. ಮೂರೂ ಅರ್ಧಕ್ಕೆ ನಿಂತವು. ಪ್ರಿಂಟರಿನ ಮಸಿಪಟ್ಟಿ ಸವೆದು ಅಕ್ಷರ ಬೂದಿಬಣ್ಣ ಬೀಳುತ್ತಿದ್ದರೂ ತನ್ನ ಕೋಣೆಗೆ ಎರಡನೆಯ ಏಸಿ ತಂದ. ಪೂಜೆಯ ದಿನ ಕಂಪ್ಯೂಟರಿನ ಕೀಲಿಮಣೆಗೆ ಸ್ವತಃ ಕುಂಕುಮ ಹಚ್ಚಿದ. ಅದು ಗುಂಡಿಯ ಸಂದಿಗೆ ಇಳಿದು ನಾಲ್ಕು ದಿನ ಇಂಗ್ಲಿಷಿನ 'ಎ' ಒತ್ತಲಿಲ್ಲ. ಕುಲ್ಸುಮ್ ಬಾಯಿ ಹಳೆಯ ಬುರುಶು ತಂದು ಒಂದೊಂದೇ ಗುಂಡಿ ಉಜ್ಜುತ್ತ, "ಸಾಹುಕಾರ್ರ ಭಕ್ತಿ ಭಾರಿ ಆಳ ಅದ ನೋಡ್ರಿ, ಇನ್ನಾ ತಳ ಹತ್ತವಲ್ದು" ಎಂದರು.

ಆದರೂ ಆ ದಿನಗಳು! ಮಧ್ಯಾಹ್ನ ಬುತ್ತಿ ಬಿಚ್ಚಲು ಮೂವರೂ ನನ್ನ ಶೆಡ್ಡಿನಲ್ಲೇ ಸೇರುತ್ತಿದ್ದೆವು. ತಣ್ಣನೆಯ ಕೋಣೆಯಲ್ಲಿ ಕೂತು ಮರಗಟ್ಟಿದ ಬೆರಳುಗಳನ್ನು ಕುಲ್ಸುಮ್ ಬಾಯಿ ಬಿಸಿಲಿಗೆ ಚಾಚುತ್ತಿದ್ದರು. ರಾಯಚೂರಿನ ಬಿಸಿಲನ್ನು ಯಾರಾದರೂ ಬಯಸಿ ಬಂದದ್ದನ್ನು ನಾನು ಆಗಲೇ ನೋಡಿದ್ದು. ನನ್ನ ಡಬ್ಬಿಯಲ್ಲಿ ಸಜ್ಜಿರೊಟ್ಟಿ, ಬಾಯಿಯದರಲ್ಲಿ ಹುಣಸೆಹುಳಿಯ ಖಟ್ಟಾ, ತಾಯಣ್ಣನದರಲ್ಲಿ ಹೊಳೆಮೀನಿನ ಸಾರು. ಸಂಬಳ ತಡವಾದ ತಿಂಗಳಲ್ಲೂ ಆ ಊಟ ತಡವಾಗಲಿಲ್ಲ. ಕರೆಂಟು ಹೋಗುತ್ತಲೇ ತಾಯಣ್ಣ, "ಕನಕಣ್ಣ, ನಮ್ಮ ಬಾಜೂ ಶಕ್ತಿನಗರದಾಗ ಹುಟ್ಟಿದ ಈ ಕರೆಂಟಿನ ಕೂಸು ಊರೂರು ತಿರಗಿ ತವರುಮನಿಗೆ ಬರೂದು ಕಟ್ಟಕಡೀಗೆ. ಏಳು, ನಿನ್ನ ಕೂಸು ಎಬ್ಬಿಸು" ಅನ್ನುತ್ತಿದ್ದ.

ಕರೆಂಟು ಹೋದ ಲೆಕ್ಕಕ್ಕೆ ನಾನು ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದೆ. ಒಂದು ದಿನ ಬಾಯಿ ನೋಡಿದರು.

"ಇದೇನ್ರಿ ಕನಕಣ್ಣ, ಜೇಲಿನ ಗೋಡಿ ಮಾಡೀರಲ್ಲ. ಎಷ್ಟು ವರ್ಷ ಆಗ್ಯಾವ ಶಿಕ್ಷೆ?"

"ಬರಿಯಾಕ ಬರಂಗಿಲ್ರಿ ಬಾಯಿ. ಕಲ್ತಿದ್ದೆಲ್ಲ ಇಂಜಿನ್ ಎಣ್ಣ್ಯಾಗ ಹೋತು."

"ಬರ್ತದ. ನಾಳಿ ಬುಕ್ ತರ್ತೀನಿ."

ಉದ್ದನೆಯ ನೋಟ್‌ಬುಕ್ ತಂದರು, ಜೊತೆಗೆ ಅವರ ಕೆಂಪು ಪೆನ್ಸಿಲ್. ದಿನಾ ನಾನು ಬರೆಯಬೇಕು, ಅವರು ತಿದ್ದಬೇಕು. 'ಕರಂಟ ಹೋತು. ಜನರೇಟರ ಚಾಲು ಮಾಡಿದೆ. ಕರಂಟ ಬಂತು.' ದಿನಾ ಇದೇ ಮೂರು ಸಾಲು, ಹೊತ್ತು ಬೇರೆ. ಅವರು 'ಹೋತು' ಸುತ್ತ ಕೆಂಪು ಗೆರೆ ಎಳೆದು 'ಹೋಯಿತು' ಎಂದು ಬರೆಯುವರು.

"ಹೋತು ಅಂದ್ರ ಏನ್ ಕಡಿಮಿ ಆಗ್ತದ್ರಿ? ಹೋಗಿದ್ದಂತೂ ಖರೆ ಅಲ್ಲ?"

"ಬಾಯಿ ಮನಿದು, ಕಾಗದ ಕಚೇರಿದು. ಬಾಯಾಗ ಹೋತು ಇರ್ಲಿ, ಕಾಗದದಾಗ ಹೋಯಿತು ಬರೀರಿ."

ಮೇ ಮೂರರಂದು ನಾನು ಊಟದ ನಂತರ ಬೀಡಿ ತರಲು ಹೋದಾಗಲೇ ಕರೆಂಟು ಹೋಗಿ, ಜನರೇಟರ್ ಎಬ್ಬಿಸುವುದು ಹತ್ತು ನಿಮಿಷ ತಡವಾಯಿತು. ಅದನ್ನು ಬರೆಯದೆ ಬಿಡೋಣ ಅಂದುಕೊಂಡೆ. "ತಪ್ಪಾದದ್ದನ್ನೂ ಬರೀರಿ. ತಪ್ಪು ಇಲ್ಲದ ಬುಕ್ಕನ್ನ ಯಾರೂ ನಂಬಂಗಿಲ್ಲ. ನಮ್ಮ ಅಬ್ಬಾ ಹೇಳ್ತಿದ್ರು" ಎಂದರು. ಬರೆದೆ. ಆ ಸಾಲಿನಲ್ಲಿ ಅವರಿಗೆ ತಿದ್ದಲು ಒಂದೂ ಸಿಗಲಿಲ್ಲ. "ಶಾಬಾಸ್" ಎಂದು ಪಕ್ಕದಲ್ಲಿ ಕೆಂಪಗೆ ಬರೆದರು.

ಆ ಹುರುಪಿನಲ್ಲಿ ಕೇಳಿದೆ, "ಬಾಯಿ, ಇಷ್ಟು ಕಲಸೀರಿ, ನಿಮಗ ಏನು ಕೊಡ್ಲಿ?"

"ಒಂದು ಕಾಗದ ಬರೀರಿ ನನಗ. ಒಂದೂ ತಪ್ಪಿರಬಾರದು. ನಮ್ಮವ್ವಗ ಓದಿ ತೋರಿಸ್ತೀನಿ, ನೋಡಮ್ಮಾ ನಾ ಕಲಿಸಿದ ಶಾಗಿರ್ದ ಅಂತ."

ಬರೆಯುತ್ತೇನೆ ಎಂದು ಮಾತು ಕೊಟ್ಟೆ.

ಅದೇ ಮೇ ತಿಂಗಳಲ್ಲಿ ಸಾಹುಕಾರ ಕುಣಿಯುತ್ತ ಬಂದ. ಮಾನವಿ, ದೇವದುರ್ಗ ಎರಡೂ ಕಡೆಯ ರೈತರಿಗೆ ಬೀಜ ಹಂಚುವ ಒಂದು ಸಂಘದ ಕೆಲಸ ಸಿಕ್ಕಿತ್ತು. ಒಂಬತ್ತು ಸಾವಿರ ಸದಸ್ಯರ ಹೆಸರು ಮಷೀನಿಗೆ ಹಾಕಬೇಕು, ಎರಡು ಸಲ ಸೇರಿಕೊಂಡವರನ್ನು ಹುಡುಕಿ ತೆಗೆಯಬೇಕು, ಮಳೆಗೆ ಮೊದಲು ಪಟ್ಟಿ ಕೊಡಬೇಕು. ಈ ಕೆಲಸ ನೆಟ್ಟಗಾದರೆ ಕಂಪನಿ ಉಳಿಯುತ್ತದೆ, ಇಲ್ಲವಾದರೆ ಬಾಗಿಲು. ಇದು ನಮಗೆಲ್ಲ ಗೊತ್ತಿತ್ತು. ಎಷ್ಟು ದಿನ ಬೇಕು ಎಂದು ಸಾಹುಕಾರ ಯಾರನ್ನೂ ಕೇಳಲಿಲ್ಲ. ಇಪ್ಪತ್ತು ದಿನ ಎಂದು ಒಪ್ಪಿಕೊಂಡೇ ಬಂದಿದ್ದ.

ಮೇ ಹದಿನೆಂಟಕ್ಕೆ ಬಾಯಿ ಶುರು ಮಾಡಿದರು. ಎರಡು ದಿನ ನೋಡಿ ತಾಯಣ್ಣ ಹೇಳಿದ, "ಹಿಂಗಾದ್ರ ನಲವತ್ತು ದಿನ ಬೇಕ್ರಿ ಸಾಹುಕಾರ್ರೇ."

ಸಾಹುಕಾರ ಪರದೆಯ ಹತ್ತಿರ ಬಗ್ಗಿ ನೋಡಿದ. "ಇದೇನು, ಹೆಸರಿನ ಮುಂದ ಇನ್ನೊಂದು ಹೆಸರು?"

"ತಂದೀದ್ರಿ" ಎಂದರು ಬಾಯಿ.

"ಬೀಜ ಒಯ್ಯಾವ ಮಗ. ಅವರಪ್ಪನ್ನ ಕಟಗೊಂಡು ನಾ ಏನ್ ಮಾಡ್ಲಿ? ತಂದಿ ಕಾಲಮ್ ತಗೀರಿ. ಹೆಸರು, ಊರು, ಸಾಕು."

"ತಂದಿ ತಗದ್ರ ಮನಶ್ಯಾನೇ ಹೋಗ್ತಾನ್ರಿ. ಒಂದೇ ಊರಾಗ ಒಂದೇ ಹೆಸರಿನವರು ಹತ್ತು ಮಂದಿ ಇರ್ತಾರ. ಮಷೀನಿಗೆ ಅವರೆಲ್ಲ ಒಬ್ಬನೇ."

"ಖರೆ ಅದರಿ" ಎಂದ ತಾಯಣ್ಣ. "ನಮ್ಮ ಮನ್ಯಾಗ ನಮ್ಮಮ್ಮನ ಅವ್ವನೂ ಮೂಕಮ್ಮ, ನಮ್ಮಕ್ಕನೂ ಮೂಕಮ್ಮ."

"ನಿಮ್ಮ ಮನ್ಯಾಗ ಹೆಸರಿಗೆ ಬರ ಬಿದ್ದದ, ಅದಕ್ಕ ನನ್ನ ಕಂಪನಿ ಮುಳುಗಬೇಕೇನು? ಹೇಳಿದಷ್ಟು ಮಾಡು."

ತಾಯಣ್ಣ ಮಾಡಿದ. ಕುಲ್ಸುಮ್ ಬಾಯಿ ಎರಡು ನಿಮಿಷ ಕೈಕಟ್ಟಿ ಕೂತು, ಆಮೇಲೆ ಬೆರಳಿಟ್ಟರು. ಆ ಇಪ್ಪತ್ತು ದಿನ ಕರೆಂಟು ನಲವತ್ತಾರು ಸಲ ಹೋಯಿತು. ನಲವತ್ತಾರು ಸಲವೂ ನನ್ನ ಜನರೇಟರ್ ಎದ್ದಿತು. ಬುಕ್ಕಿನಲ್ಲಿದೆ.

ಪಟ್ಟಿ ಮುಗಿದಾಗ ಒಂಬತ್ತು ಸಾವಿರ ಹೋಗಿ ಆರು ಸಾವಿರ ಉಳಿದಿತ್ತು. "ಮೂರು ಸಾವಿರ ಕಳ್ಳರನ್ನ ಹಿಡದದ ನನ್ನ ಮಷೀನ್!" ಎಂದು ಸಾಹುಕಾರ ಪೇಢೆ ಹಂಚಿದ. ಬಾಯಿ ಪೇಢೆ ಮುಟ್ಟಲಿಲ್ಲ.

ಪಟ್ಟಿಯ ಗಂಟು ಹೊತ್ತು ಮಾನವಿಗೆ ಹೋದವನು ನಾನೇ. ಬೀಜದ ಗೋದಾಮಿನ ಮುಂದೆ ಬೆಳಿಗ್ಗೆಯಿಂದ ಸಾಲು. ಚೀಕಲಪರ್ವಿಯ ಸರದಿ ಬಂದಾಗ ಇಬ್ಬರು ಹೆಂಗಸರು ಒಟ್ಟಿಗೆ ಮುಂದೆ ಬಂದರು, ಅತ್ತೆ ಮತ್ತು ಸೊಸೆ.

"ಮೂಕಮ್ಮ ಅಂತ ಒಬ್ಬಾಕಿನೇ ಇದಾಳ ಇದರಾಗ. ನಿಮ್ಮಿಬ್ಬರಾಗ ಯಾರು?" ಎಂದ ಗುಮಾಸ್ತ.

"ನಾನೇ" ಎಂದಳು ಅತ್ತೆ.

"ಹಂಗಾದ್ರ ಈಕಿ ಯಾರು?"

"ಈಕಿನೂ ನಾನೇ ಅಂತ ತಿಳಕೋ ಯಪ್ಪಾ. ಎರಡು ಚೀಲ ಕೊಟ್ಟುಬಿಡು."

ಜನ ನಕ್ಕರು. ಆದರೆ ಸಾಲು ಮುಂದೆ ಹೋದಂತೆ ನಗು ನಿಂತಿತು. ಅಯ್ಯಪ್ಪಂದಿರಲ್ಲಿ ಒಬ್ಬ ಉಳಿದಿದ್ದ, ಆರು ಜನ ಮಾಯ. ಹದ ಮಳೆ ಬಿದ್ದ ನೆಲ ಬಿಟ್ಟು ಬಂದವರು ಬರಿಗೈಯಲ್ಲಿ ನಿಂತರು. ಸಿರವಾರದ ಸರದಿ ಬಂತು. ಗಡಿಗೆಪ್ಪ ಎಂಬ ಹೆಸರಿನಲ್ಲಿ ಒಂದೇ ಚೀಟಿ. ಅದನ್ನು ಸಾಹುಕಾರನ ದೊಡ್ಡಪ್ಪನ ಮಗ, ಅವನೂ ಗಡಿಗೆಪ್ಪ, ಬೆಳಿಗ್ಗೆಯೇ ಒಯ್ದಿದ್ದ. ನಮ್ಮ ಸಾಹುಕಾರನ ಆಳು ಖಾಲಿ ಬಂಡಿ ಹೊಡೆದುಕೊಂಡು ಹೋದ. ತನ್ನ ಮಷೀನು ಹಿಡಿದ ಕಳ್ಳರಲ್ಲಿ ಸಾಹುಕಾರನೂ ಒಬ್ಬ! ಬಸ್ಸಿನಲ್ಲಿ ಕೂತು ನಾನು ಒಬ್ಬನೇ ನಕ್ಕದ್ದೇ ನಕ್ಕದ್ದು.

ಮರುದಿನ ಸಂಘದ ಐದು ಜನ ಬಂದು ಸಾಹುಕಾರನ ಕೋಣೆ ಹೊಕ್ಕರು. ನಾನು ಮೆಟ್ಟಿಲ ತುದಿಗೆ ನಿಂತಿದ್ದೆ. ಗಾಜಿನ ಬಾಗಿಲು, ಒಳಗಿನದು ಕಾಣುತ್ತದೆ, ಕೇಳುವುದಿಲ್ಲ. ಸಾಹುಕಾರ ನನ್ನ ಶೆಡ್ಡಿನ ಕಡೆ ಕೈ ತೋರಿಸುತ್ತಿದ್ದ. ಕುಲ್ಸುಮ್ ಬಾಯಿ ಬಾಗಿಲ ಹತ್ತಿರದ ತಮ್ಮ ಕುರ್ಚಿಯಿಂದ ಎದ್ದು, ದಡದಡ ಕೆಳಗಿಳಿದು ಶೆಡ್ಡಿಗೆ ಹೋಗಿ, ನನ್ನ ಬುಕ್ ಕಂಕುಳಲ್ಲಿಟ್ಟುಕೊಂಡು ಬಂದರು. ನನ್ನ ಮುಖ ನೋಡದೆ ಒಳಗೆ ಹೋದರು. ಮೇಜಿನ ಮೇಲೆ ಬುಕ್ ತೆರೆದು ಒಂದು ಪುಟದ ಮೇಲೆ ಬೆರಳಿಟ್ಟರು. ಅಲ್ಲಿ ಕೆಂಪಗೆ ಬರೆದಿದ್ದದ್ದು ಗಾಜಿನಾಚೆಯಿಂದಲೂ ನನಗೆ ಕಂಡಿತು. ಮೇ ಮೂರು. ಶಾಬಾಸ್ ಇದ್ದ ಪುಟ. ನನ್ನ ಹತ್ತು ನಿಮಿಷದ ತಪ್ಪು ಇದ್ದ ಪುಟ.

ಸ್ವಲ್ಪ ಹೊತ್ತಿಗೆ ಸಾಹುಕಾರ ಹೊರಗೆ ಬಂದ. ಮುಖ ಕೆಂಪಾಗಿತ್ತು. "ಕನಕರಾಯ, ನಾಳಿಂದ ಬರಬ್ಯಾಡ. ನಿನ್ನ ನಿದ್ದಿಗೆ ನನ್ನ ಕಂಪನಿ ಹೋತು."

ನನ್ನ ತಲೆಯಲ್ಲಿ ಕುದಿಯುತ್ತಿದ್ದದ್ದು ಬಾಯಿಗೆ ಬಂತು. ಸಾಹುಕಾರನ ಮೇಲಲ್ಲ. ಅವನ ಹಿಂದೆ ಬಂದ ಕುಲ್ಸುಮ್ ಬಾಯಿಯ ಮೇಲೆ.

"ಲೇ, ಬರಿ ಬರಿ ಅಂತ ಬೆನ್ನು ಹತ್ತಿದ್ದು ಇದಕ್ಕೇನು ನೀ? ಅಕ್ಷರ ಕಲಸ್ತೀನಂತ ಉರುಲು ಹೆಣದೀಯಲ್ಲ. ಚಾಡಿಕೋರಿ! ನಿನ್ನ ಕೈಯಾಗ ಕಲ್ತದ್ದಕ್ಕ ನನ್ನ ಕೈಗೆ ಬೆಂಕಿ ಬೀಳಲಿ."

ಅವರನ್ನು ನಾನು 'ರೀ' ಬಿಟ್ಟು ಎಂದೂ ಮಾತಾಡಿಸಿರಲಿಲ್ಲ. ಅವತ್ತು ಸಂಘದವರ ಮುಂದೆ, ಮೆಟ್ಟಿಲಲ್ಲಿ ನಿಂತ ಚಹಾದವನ ಮುಂದೆ, 'ಲೇ' ಎಂದೆ, 'ನೀ' ಎಂದೆ. ಅವರು ನನ್ನ ಬುಕ್ ಮತ್ತೆ ಕಂಕುಳಲ್ಲಿಟ್ಟುಕೊಂಡರು. ಚಪ್ಪಲಿ ಹಾಕಿಕೊಂಡು ಇಳಿದು ಹೋದರು. ತಾಯಣ್ಣ "ಕನಕಣ್ಣ, ಕೇಳಿಲ್ಲಿ" ಎಂದು ತೋಳು ಹಿಡಿದ. ಕೊಸರಿಕೊಂಡು ನಾನೂ ಇಳಿದೆ.

ಸಿಟ್ಟು ಇಳಿಯಲು ನನಗೆ ಎಂಟು ತಿಂಗಳು ಬೇಕಾಯಿತು. ತಾಯಣ್ಣ ಎರಡು ಸಲ ಮನೆಗೆ ಬಂದರೂ ಆ ಕಂಪನಿಯ ಸುದ್ದಿ ಎತ್ತಬೇಡ ಎಂದು ಅವನ ಬಾಯಿ ಮುಚ್ಚಿಸಿದ್ದೆ. ಮೂರನೆಯ ಸಲ ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ನಿಲ್ಲಿಸಿದ.

"ಇವತ್ತು ಕೇಳಿಸ್ಕೊಂಡೇ ಹೋಗಬೇಕು. ನಾ ಬಾಗಲದಾಗ ಇದ್ದೆ, ಅವತ್ತು ಒಳಗ ಬಾಯಿ ಏನಂದ್ರು ಗೊತ್ತೇನು? 'ಹೆಸರು ಬಡಿಯಾಕ ಶುರು ಮಾಡಿದ್ದು ಮೇ ಹದಿನೆಂಟು. ಈತ ತಡ ಮಾಡಿದ್ದು ಮೇ ಮೂರು, ಹತ್ತು ನಿಮಿಷ. ಅದನ್ನೂ ತಾನೇ ಬರದಾನ. ಹತ್ತು ನಿಮಿಷದ ತಪ್ಪು ಬರಿಯಾವ ದೊಡ್ಡ ತಪ್ಪು ಮುಚ್ಚಿಡ್ತಾನೇನ್ರಿ? ಮಷೀನ್ ನಿಂತಿಲ್ಲ. ತಂದಿ ಹೆಸರು ತಗೀರಿ ಅಂದವರು ಸಾಹುಕಾರ್ರು, ಬಿಟ್ಟು ಬಡದಾಕಿ ನಾನು.' ಸಂಘದವರ ಮುಂದ ಹಿಂಗಂದ್ರು. ಸಾಹುಕಾರ ಅಲ್ಲೇ ಕೆಲಸ ಬಿಡಿಸಿದ. ನಿನಗಿಂತ ಮೊದಲು ಆಕಿದು ಹೋತು, ಹೊರಗ ಬಂದು ನಿನ್ನದು."

ನಾನು ಹತ್ತಬೇಕಿದ್ದ ಬಸ್ಸು ಹೋಯಿತು. ಮುಂದಿನ ದೇವದುರ್ಗದ ಬಸ್ಸು ಹತ್ತಿದೆ.

ಮನೆಯ ಬಾಗಿಲಲ್ಲಿ ಮಹಬೂಬೀ ಕೂತು ಅಕ್ಕಿ ಆರಿಸುತ್ತಿದ್ದರು. ಹೆಸರು ಹೇಳಿದೆ. "ಓ, ಜನರೇಟರ್ ಕನಕಣ್ಣ! ಬರ್ರಿ, ಕುಂದರ್ರಿ" ಎಂದರು. ಮಗಳಿಗೆ ಮದುವೆಯಾಗಿತ್ತು, ಹೈದರಾಬಾದಿಗೆ ಹೋಗಿದ್ದಳು. ಅಲ್ಲಿಗೆ ಹೋಗುವ ಮುಂಚೆ ಎರಡು ತಿಂಗಳು ತನ್ನ ಹಳೆಯ ಟೈಪ್ ಮಷೀನಿನ ಮುಂದೆ ಕೂತು, ದೇವದುರ್ಗದ ಕಡೆ ಹೆಸರು ಬಿಟ್ಟುಹೋದವರಿಗೆಲ್ಲ ಸಂಘಕ್ಕೆ ಅರ್ಜಿ ಬಡಿದು ಕೊಟ್ಟಳಂತೆ. ಹೆಸರು, ತಂದೆ, ಊರು.

ಮುದುಕಿ ಒಳಗೆ ಹೋಗಿ ನನ್ನ ಬುಕ್ ತಂದು ಕೊಟ್ಟರು. "ಆತ ಬಂದ್ರ ಕೊಡಮ್ಮ ಅಂದಾಳ. ಬರ್ತಾನ, ತಡ ಆಗ್ತದ ಅಂದಿದ್ಲು. ಆಕಿಗೆ ಏನರ ಹೇಳೂದಿತ್ತೇನ್ರಿ? ಅಡ್ರೆಸ್ ಕೊಡ್ಲಾ?"

ತಪ್ಪಾಯಿತು ಅನ್ನಲು ಬಂದಿದ್ದೆ. ಅಂಗಳದಲ್ಲಿ ಪಕ್ಕದ ಮನೆಯವರಿದ್ದರು. ನನ್ನ ಬಾಯಿ ಬೈಗುಳಕ್ಕೆ ಎಷ್ಟು ಸಲೀಸೋ ಆ ಮಾತಿಗೆ ಅಷ್ಟು ಮೊಂಡು.

"ಏನಿಲ್ರಿ ಅಮ್ಮ. ಈ ಕಡಿ ಬಂದಿದ್ದೆ, ಹಂಗೇ ಬಂದೆ" ಎಂದೆ.

ಬಸ್ಸಿನಲ್ಲಿ ಬುಕ್ ತೆರೆದೆ. ಕಡೆಯ ದಿನದ ನನ್ನ ಸಾಲು, 'ಕರಂಟ ಹೋತು', ಅದನ್ನೂ ತಿದ್ದಿದ್ದರು. ನಾನು ಬೈದ ಮೇಲೆ ತಿದ್ದಿದ್ದೋ ಮೊದಲೇ ತಿದ್ದಿದ್ದೋ ಗೊತ್ತಿಲ್ಲ. 'ಹೋಯಿತು.'

ಎಂಬತ್ತೊಂಬತ್ತರಲ್ಲಿ ಕಂಪನಿ ಮುಚ್ಚಿತು. ತಾಯಣ್ಣ ಸರಕಾರಿ ನೌಕರಿ ಹಿಡಿದ. ಅಡ್ರೆಸ್ ಕೇಳೋಣವೆಂದು ನಾನು ಮತ್ತೆ ದೇವದುರ್ಗಕ್ಕೆ ಹೋಗುವ ಹೊತ್ತಿಗೆ ಮಹಬೂಬೀಯ ಮನೆಯಲ್ಲಿ ಬೇರೆಯವರಿದ್ದರು. ಅವರಿಗೆ ಏನೂ ಗೊತ್ತಿರಲಿಲ್ಲ.

ಈಗ ಇಷ್ಟನ್ನು ಬರೆದು ನನ್ನ ಮಗಳಿಗೆ ತೋರಿಸಿದೆ. ಅವಳು ಪೆನ್ನು ಹಿಡಿದು ಕೂತು ಮೊದಲ ಪುಟದಲ್ಲೇ ಹದಿನೇಳು ತಪ್ಪು ತೆಗೆದಳು. ಬಾಯಿ ಕೇಳಿದ್ದು ಒಂದೂ ತಪ್ಪಿಲ್ಲದ ಕಾಗದ, ನನ್ನ ಕೈಯದು. ಇದು ಬೇರೆಯವರು ತಿದ್ದಿದ್ದು, ಆದ್ದರಿಂದ ಇದು ಅದಲ್ಲ. ಆ ಕಾಗದ ಇನ್ನೂ ಬಾಕಿ ಇದೆ.